ಚಕ್ಕೆಗೆಂಪಿನ ಲಂಗ

ಗಿಲ್ಬರ್ಟ್ ಹೇಳಿಕಳಿಸಿದ್ದು ಇಷ್ಟೇ: ಸಿಸಿಲಿಗೆ ದಿನ ತುಂಬುತ್ತಿದೆ, ಪಾರ್ನೆಲ್‌ಳ ಕೆಂಪು ಲಂಗದ ಸೊಂಟ ಬಿಚ್ಚಿ ಅಗಲ ಮಾಡಿಕೊಡಬೇಕು, ಅತ್ತೆ ಒಮ್ಮೆ ಬಂದು ಹೋಗಲಿ. ಸತ್ತ ಹೆಂಡತಿಯ ಲಂಗವನ್ನು ಎರಡನೆಯ ಹೆಂಡತಿಗೆ ಹೊಂದಿಸಲು ಸತ್ತವಳ ತಾಯಿಯನ್ನೇ ಕರೆಸುವುದು ಸರಿಯೋ ತಪ್ಪೋ ಎಂದು ಕೂತು ಯೋಚಿಸುವ ಪೈಕಿ ಅಲ್ಲ ಅವನು. ಕೈಗವಸು ಹೊಲಿಯುವವನು. ಚರ್ಮದ ಒಂದು ಚೂರೂ ದಂಡವಾಗಬಾರದು ಅನ್ನುವುದು ಅವನಿಗೆ ಕಸುಬು ಕಲಿಸಿದ ಬುದ್ಧಿ. ಹೆಂಡತಿ ಹೋದಳು, ಲಂಗ ಎಲ್ಲಿ ಹೋಯಿತು, ಪೆಟ್ಟಿಗೆಯಲ್ಲೇ ಇದೆಯಲ್ಲ. ಕಾನೂನು ಕೇಳಿದರೂ ಹೆಂಡತಿಯ ಮೈಮೇಲಿನ ಬಟ್ಟೆ ಗಂಡನದೇ. ಹಾಗಾಗಿ ಅವನನ್ನು ಬೈಯಲು ಯಾರಿಗೂ ಎಡೆಯಿರಲಿಲ್ಲ.

ಪಾರ್ನೆಲ್‌ಳ ತಾಯಿ ಏವಿಸ್ ಬೈಯಲೂ ಇಲ್ಲ. ಸೂಜಿ, ಕತ್ತರಿ, ಮೇಣ ಹಚ್ಚಿದ ನೂಲು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಮೆಲ್ಫರ್ಡಿನಿಂದ ಸಡ್ಬರಿಯ ದಾರಿ ಹಿಡಿದಳು. ಈಸ್ಟರಿನ ಮುಂಚಿನ ಉಪವಾಸದ ದಿನಗಳು. ಮಾಂಸ ಇಲ್ಲ, ಬೆಣ್ಣೆ ಇಲ್ಲ, ಬೀದಿ ತುಂಬ ಉಪ್ಪುಮೀನಿನ ವಾಸನೆ. ಮಾರ್ಚಿನ ಗಾಳಿ ಹೊಲಗಳ ಮೇಲಿಂದ ನೇರವಾಗಿ ಬಂದು ಮುಖಕ್ಕೆ ಹೊಡೆಯುತ್ತಿತ್ತು. ದಾರಿಯಲ್ಲಿ ಎದುರಾದವರು ಎಂಥ ಚಳಿ ಎಂದರು. ಅವಳು ಹೌದು ಎಂದಳು, ಎಲ್ಲರೂ ಹೌದು ಎನ್ನುತ್ತಾರೆಂದು.

ಅವಳು ವಿಧವೆ. ಮೆಲ್ಫರ್ಡಿನ ಹೆಂಗಸರ ಒಳಲಂಗಗಳಲ್ಲಿ ಅರ್ಧಕ್ಕರ್ಧ ಅವಳ ಕೈಯಲ್ಲೇ ಹುಟ್ಟಿದವು. ದೊಡ್ಡ ಮನೆಯ ಒಡತಿಗೆ ಬೆತ್ತದ ಬಳೆ ತೂರಿಸಿದ ಗುಡಾರದಂಥ ಲಂಗ, ಅದರ ಮೇಲಕ್ಕೆ ಮುಂದುಗಡೆ ಮಾತ್ರ ರೇಷ್ಮೆಯಿದ್ದು ಹಿಂದೆ, ಯಾರೂ ನೋಡದ ಕಡೆ, ಸಾದಾ ನಾರುಬಟ್ಟೆ ಇರುವ ಇನ್ನೊಂದು ಲಂಗ. ರೊಟ್ಟಿ ಸುಡುವವನ ಹೆಂಡತಿಗೆ ಒರಟು ಉಣ್ಣೆಯದು, ಚಳಿಗಾಲಕ್ಕೆ ಒಂದರ ಮೇಲೊಂದು ಮೂರು. ಯಾರ ಸೊಂಟ ಯಾವ ತಿಂಗಳು ಬಿಗಿಯಾಯಿತು ಎಂಬುದು ಪಾದ್ರಿಗಿಂತ, ಎಷ್ಟೋ ಸಲ ಗಂಡನಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಹೊರಗೆ ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿಯೇ ಅವಳ ಹೊಟ್ಟೆ ತುಂಬುತ್ತಿತ್ತು.

ಮಗಳು ಹೋದಮೇಲೆ ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಇದನ್ನು ಒಮ್ಮೆ ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡು, ಆಕೆ ಕಣ್ಣರಳಿಸಿದ್ದನ್ನು ಕಂಡು ಸುಮ್ಮನಾಗಿದ್ದಳು. ಮಣ್ಣು ಮಾಡಿದ ದಿನ ಕಣ್ಣಲ್ಲಿ ನೀರು ಬರಲಿಲ್ಲ. ಆಮೇಲೆ ಬರುತ್ತದೆ ಅಂದುಕೊಂಡಳು, ಆಮೇಲೂ ಬರಲಿಲ್ಲ. ಗಂಜಿ ಸಪ್ಪೆ, ಉಪ್ಪುಮೀನೂ ಸಪ್ಪೆ. ಸೂಜಿ ಚುಚ್ಚಿದರೆ ಬಟ್ಟೆಗೆ ಕಲೆಯಾದಮೇಲೆ ಗೊತ್ತಾಗುತ್ತಿತ್ತು. ಊರು ಅವಳನ್ನು ಕಲ್ಲೆದೆಯವಳು ಎಂದಿತು. ಊರಿಗೆ ಏನು, ಅತ್ತರೆ ನಾಟಕ ಎನ್ನುತ್ತದೆ, ಅಳದಿದ್ದರೆ ಕಲ್ಲು ಎನ್ನುತ್ತದೆ. ಎರಡಕ್ಕೂ ಅದರ ಹತ್ತಿರ ಮಾತು ತಯಾರು.

ಅವಳಿಗೆ ಇನ್ನೂ ಬೇಕು ಅನಿಸುತ್ತಿದ್ದ ಒಂದೇ ಒಂದು ಜೀವ ಸಡ್ಬರಿಯ ಆ ಮನೆಯಲ್ಲಿತ್ತು. ಪಾರ್ನೆಲ್ ಹೆತ್ತು ಬಿಟ್ಟುಹೋದ ಕೂಸು, ಬ್ರಿಜೆಟ್. ಮೂರು ತುಂಬುತ್ತ ಬಂದಿತ್ತು. ಸಿಸಿಲಿ ಬಾಣಂತಿಯಾಗಿ ಕೋಣೆ ಸೇರುವ ತಿಂಗಳಲ್ಲಿ ಮಗುವನ್ನು ಅಜ್ಜಿಯ ಮನೆಗೆ ಕಳಿಸಬಹುದು ಎಂದು ಗಿಲ್ಬರ್ಟ್ ಹೇಳಿಕಳಿಸಿದ ಮಾತಿನ ಬಾಲದಲ್ಲಿ ಇತ್ತು. ಏವಿಸ್ ಆ ಬಾಲ ಹಿಡಿದುಕೊಂಡೇ ಹೊರಟಿದ್ದಳು. ಆದರೆ ಅಲ್ಲಿಗೆ ಹೋಗಿ ಆ ಲಂಗವನ್ನು ಮುಟ್ಟಬೇಕಲ್ಲ, ಅದೇ ದಾರಿಗಡ್ಡ ಕೂತ ಗುಂಡುಕಲ್ಲಾಗಿತ್ತು.

ಲಂಗದ ಸಂಗತಿ ಹೀಗೆ. ಕೆಂಪು ಉಣ್ಣೆ ಮೈಗೆ ತಾಗಿಕೊಂಡಿದ್ದರೆ ಜ್ವರ ಹತ್ತಿರ ಸುಳಿಯದು, ಕೆಟ್ಟ ರಕ್ತ ನಿಲ್ಲದು ಎಂದು ಅಲ್ಲಿಯ ಪ್ರತಿ ಹೆಂಗಸಿಗೂ ಗೊತ್ತು. ಹೆರಿಗೆಯ ಕೋಣೆಗೆ ಕೆಂಪು ಲಂಗವಿಲ್ಲದೆ ಹೋಗುವವಳು ಬಡವಿ, ಇಲ್ಲವೇ ಹುಚ್ಚಿ. ಆದರೆ ಕೆಂಪಿನಲ್ಲೂ ಎರಡು. ಮಂಜಿಷ್ಠದ ಬೇರಿನಲ್ಲಿ ಕುದಿಸಿದ್ದು ನಿಜವಾದ ಕೆಂಪು, ಎಷ್ಟು ಒಗೆದರೂ ಬಿಡದು, ಕಾಯುವ ಗುಣ ಇರುವುದು ಅದಕ್ಕೆ. ಇನ್ನೊಂದು ಹಡಗಿನಲ್ಲಿ ಬರುವ ಯಾವುದೋ ಮರದ ಚಕ್ಕೆಯಲ್ಲಿ ಅದ್ದಿದ್ದು. ಹೊಸತರಲ್ಲಿ ನೋಡಲು ಬೇರಿಗಿಂತ ಚೆಂದ, ನೀರು ಕಂಡರೆ ಮಾತ್ರ ಬಣ್ಣ ಬಿಟ್ಟುಕೊಳ್ಳುತ್ತದೆ. ಅದು ಕಳ್ಳಕೆಂಪು, ಅದಕ್ಕೆ ಯಾವ ಗುಣವೂ ಇಲ್ಲ ಎಂಬುದು ಎಲ್ಲರ ಮಾತು.

ಪಾರ್ನೆಲ್ ಮದುವೆಗೆ ಏವಿಸ್ ಲಂಗ ಹೊಲಿಯಲು ಕೂತಾಗ ಕೈಯಲ್ಲಿದ್ದ ಹಣ ಎರಡಕ್ಕೆ ಸಾಲುತ್ತಿರಲಿಲ್ಲ. ಒಂದೋ ಬೇರಿನ ಬಣ್ಣ, ಒಂದೋ ಅಂಚಿಗೆ ಕಪ್ಪು ಮಕಮಲ್ಲಿನ ಪಟ್ಟಿ. ಸಡ್ಬರಿಯ ಹೆಂಗಸರು ಕೆಸರಲ್ಲಿ ನಡೆಯುವಾಗ ಮೇಲಿನ ಲಂಗ ಎತ್ತಿ ಹಿಡಿಯುತ್ತಾರೆ, ಕೆಸರಿಲ್ಲದಿದ್ದರೂ ಹಿಡಿಯುತ್ತಾರೆ. ಆಗ ಕಾಣುವುದು ಒಳಲಂಗದ ಅಂಚು. ಹಳ್ಳಿಯ ಹೊಲಿಗೆಯವಳ ಮಗಳು ಎಂದು ಅವಳನ್ನು ಅಲ್ಲಿ ಯಾರೂ ಕೀಳಾಗಿ ನೋಡಬಾರದು. ಏವಿಸ್ ಮಕಮಲ್ಲು ಕೊಂಡಳು. ಬಣ್ಣ ಹಾಕುವವನು ಚಕ್ಕೆಯಲ್ಲಿ ಅದ್ದಿಕೊಟ್ಟ ಬಟ್ಟೆಯನ್ನು ಬೇರಿನದು ಎಂದು ಹೇಳಿಯೇ ಮಗಳಿಗೆ ಉಡಿಸಿದಳು.

ಹೆರಿಗೆಯ ವೇಳೆಗೆ ಏವಿಸ್ ಮೆಲ್ಫರ್ಡಿನಲ್ಲಿ ಚಳಿಜ್ವರ ಬಂದು ಮಲಗಿದ್ದಳು. ಎದ್ದು ಬರುವಷ್ಟರಲ್ಲಿ ಮಗಳಿಗೆ ಬಾಣಂತಿ ಜ್ವರ ಬಂದು, ಏರಿ, ಎಲ್ಲ ಮುಗಿದಿತ್ತು. ಮೈ ತೊಳೆಯಲು ಅವಳೇ ಕೂತಳು. ತೊಡೆಯ ಮೇಲೆ, ಬಿಳಿಯ ಒಳಅಂಗಿಯ ಮೇಲೆ ಕೆಂಪು. ರಕ್ತ ಎಂದರು ಉಳಿದ ಹೆಂಗಸರು. ರಕ್ತ ಹಾಗೆ ಹರಡುವುದಿಲ್ಲ. ಈ ಕೆಂಪು ಗೆರೆಗೆರೆಯಾಗಿ, ಲಂಗದ ನೆರಿಗೆ ಹೇಗಿತ್ತೋ ಹಾಗೇ ಇಳಿದಿತ್ತು. ಜ್ವರದ ಬೆವರಿಗೆ ಬಣ್ಣ ಬಿಟ್ಟಿತ್ತು. ಅಷ್ಟು ನೆರಿಗೆ ಹಾಕಿದವಳಿಗೆ ಅದನ್ನು ಇನ್ನೊಬ್ಬರು ತೋರಿಸಿಕೊಡಬೇಕಿರಲಿಲ್ಲ. ಅವಳು ನೀರು ಬದಲಿಸಿ ಬದಲಿಸಿ ತೊಳೆದಳು, ಯಾರಿಗೂ ಹೇಳಲಿಲ್ಲ. ಏನೂ ಅನಿಸದ ದಿನಗಳು ಅಲ್ಲಿಂದಲೇ ಶುರುವಾದವು.

ಸಿಸಿಲಿ ಬಾಗಿಲಲ್ಲೇ ಕಾದಿದ್ದಳು. ಪಾರ್ನೆಲ್ ಇದ್ದಾಗ ಅವಳು ಆ ಮನೆಯ ಕೆಲಸದ ಹುಡುಗಿ. ಕೂಸನ್ನು ನೋಡಿಕೊಳ್ಳುತ್ತ ನೋಡಿಕೊಳ್ಳುತ್ತ ಮನೆಯವಳೇ ಆದಳು. ಅದರಲ್ಲಿ ಬೇರೇನನ್ನೋ ಹುಡುಕಿದವರಿಗೆ ಏನೂ ಸಿಗಲಿಲ್ಲ. ಈಗ ಹೊಟ್ಟೆ ಮುಂದೆ ಮಾಡಿಕೊಂಡು, ಸೊಂಟಕ್ಕೆ ಕೈ ಕೊಟ್ಟು, ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತಿದ್ದಳು. ಗಿಲ್ಬರ್ಟ್ ಕೆಳಗೆ ಅಂಗಡಿಯಲ್ಲಿ ಚರ್ಮ ಎಳೆಯುತ್ತ, ಬಂದ್ರಾ ಅತ್ತೆ, ಎಂದು ಕೇಳಿ, ಉತ್ತರಕ್ಕೆ ಕಾಯದೆ ಮತ್ತೆ ಎಳೆಯಲು ಹತ್ತಿದ. ಮೇಲಿನ ಕೋಣೆಯಲ್ಲಿ ಪೆಟ್ಟಿಗೆ ತೆರೆದಿತ್ತು, ಲಂಗ ಹಾಸಿಗೆಯ ಮೇಲಿತ್ತು.

ಕೆಂಪು ಎಲ್ಲಿತ್ತು ಇನ್ನು. ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮಕಮಲ್ಲಿನ ಪಟ್ಟಿ ಮಾತ್ರ ಕರ್ರಗೆ ನೆಟ್ಟಗೆ ಕೂತಿತ್ತು.

ಏವಿಸ್ ಕಿಟಕಿಯ ಪಕ್ಕ ಕೂತು ಸೊಂಟದ ಪಟ್ಟಿಯ ಹೊಲಿಗೆ ಬಿಚ್ಚತೊಡಗಿದಳು. ಕಾಗದದ ಉದ್ದ ಚೂರೊಂದನ್ನು ಸಿಸಿಲಿಯ ಹೊಟ್ಟೆಯ ಮೇಲೆ ಸುತ್ತಿ, ಅಳತೆಗೆ ಅಂಚಿನಲ್ಲಿ ಕತ್ತರಿಯಿಂದ ಸಣ್ಣ ಗುರುತು ಹೊಡೆದುಕೊಂಡಳು. ಬ್ರಿಜೆಟ್ ನೆಲದ ಮೇಲೆ ಚರ್ಮದ ತುಣುಕುಗಳನ್ನು ಸಾಲಾಗಿ ಇಡುತ್ತಿದ್ದಳು. ಅಜ್ಜಿ ಬಂದದ್ದಕ್ಕೆ ಒಂದು ಸಲ ನೋಡಿದ್ದು ಬಿಟ್ಟರೆ ಮತ್ತೆ ತಲೆ ಎತ್ತಿರಲಿಲ್ಲ. ಸಿಸಿಲಿ ಏನೇನೋ ಮಾತಾಡುತ್ತಿದ್ದಳು: ಸೂಲಗಿತ್ತಿಗೆ ಕಿವಿ ಕೇಳಿಸುವುದಿಲ್ಲ, ಪಕ್ಕದ ಬೀದಿಯವಳು ಕರೆಯದಿದ್ದರೂ ಹೆರಿಗೆಗೆ ಬಂದು ಕೂರುವ ಆಸಾಮಿ, ಅವಳಿಗೆ ಬಿಯರು ಎಷ್ಟು ತಂದಿಟ್ಟರೂ ಸಾಲದು, ಗಂಡು ಮಗುವೇ ಎಂದು ಗಿಲ್ಬರ್ಟ್ ಈಗಾಗಲೇ ಅರ್ಧ ಊರಿಗೆ ಹೇಳಿಯಾಗಿದೆ. ಏವಿಸ್ ಹೂಂ ಎನ್ನುತ್ತಿದ್ದಳು.

ಸಿಸಿಲಿ ತಟ್ಟನೆ ಮಾತು ನಿಲ್ಲಿಸಿ, ಲಂಗದ ಅಂಚನ್ನು ಬೆರಳಲ್ಲಿ ಹಿಡಿದುಕೊಂಡು ಕೇಳಿದಳು.

"ಇದನ್ನ ಉಟ್ಕೊಂಡ್ರೆ ನಂಗೇನೂ ಆಗಲ್ಲ ಅಲ್ವಾ, ಏವಿಸಮ್ಮ?"

"ಆಗಲ್ಲ," ಎಂದಳು ಏವಿಸ್.

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಬೇರೆ ಯಾರೋ ಹೇಳಿದಂತೆ ಕೇಳಿಸಿತು. ಹೇಳಿದರೆ ಏನಾಗುತ್ತದೆ ಎಂಬುದನ್ನು ಅವಳು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೇ ಬಂದಿದ್ದಳು. ಸಿಸಿಲಿ ಗಿಲ್ಬರ್ಟನಿಗೆ ಹೇಳುತ್ತಾಳೆ. ಮಗಳಿಗೇ ಮೋಸ ಮಾಡಿ ಸಾಯಿಸಿದ ಹೆಂಗಸಿನ ಕೈಗೆ ಅವನು ಕೂಸನ್ನು ಕೊಡುತ್ತಾನೆಯೇ? ತಿಂಗಳ ಮಾತು ಹಾಗಿರಲಿ, ಬಾಗಿಲನ್ನೂ ತುಳಿಯಗೊಡುವುದಿಲ್ಲ. ಅವನ ಜಾಗದಲ್ಲಿ ಅವಳಿದ್ದರೂ ಅಷ್ಟೇ ಮಾಡುತ್ತಿದ್ದಳು. ಹೇಳದಿದ್ದರೆ ಏನೂ ಆಗದೆಯೂ ಇರಬಹುದು. ಎಷ್ಟು ಜನ ಬಡವಿಯರು ಕೆಂಪಿಲ್ಲದೆಯೇ ಹೆತ್ತು ಎದ್ದಿಲ್ಲ?

ಬ್ರಿಜೆಟ್ ಎದ್ದು ಬಂದು ಸಿಸಿಲಿಯ ಹೊಟ್ಟೆಗೆ ಕಿವಿ ಕೊಟ್ಟು ನಿಂತಳು. ಅಮ್ಮ, ಪಾಪು ಮಲಗಿದೆ, ಎಂದಳು. ಸಿಸಿಲಿ ಅವಳ ತಲೆಗೂದಲಿನಿಂದ ಚರ್ಮದ ಚೂರೊಂದನ್ನು ಹೆಕ್ಕಿ ತೆಗೆದಳು. ಅಷ್ಟೇ ನಡೆದದ್ದು.

ಏವಿಸ್‌ಗೆ ಕನಿಕರ ಬರಲಿಲ್ಲ, ಹೆದರಿಕೆಯೂ ಬರಲಿಲ್ಲ. ಕೈ ಮಾತ್ರ ನಿಂತುಹೋಯಿತು. ಸೂಜಿ ಬಟ್ಟೆಯೊಳಗೆ ಅರ್ಧ ಹೋಗಿ ಅಲ್ಲೇ ಇತ್ತು, ತಳ್ಳಲು ನೋಡಿದರೆ ಬೆರಳು ಒಪ್ಪಲಿಲ್ಲ. ಎಷ್ಟೋ ವರ್ಷ ದುಡಿದ ಕೈ, ಯಜಮಾನಿಯ ಮಾತು ಕೇಳುವುದಿಲ್ಲ ಎಂದು ಕುಳಿತುಬಿಟ್ಟಿತು. ಅವಳು ಲಂಗವನ್ನು ಮಡಿಲಲ್ಲಿ ಇಳಿಸಿ, ಕೂಸನ್ನು ಕೆಳಗೆ ಅಪ್ಪನ ಹತ್ತಿರ ಕಳಿಸು ಎಂದಳು. ಬ್ರಿಜೆಟ್ ಮೆಟ್ಟಿಲಿಳಿಯುವ ಸದ್ದು ಮುಗಿಯುವ ತನಕ ಕಾದಳು.

"ಇದು ಬೇರಿನ ಕೆಂಪಲ್ಲ ಕಣೇ. ಚಕ್ಕೇದು. ಇದ್ರಲ್ಲಿ ಏನೂ ಇಲ್ಲ. ಇದನ್ನ ಉಟ್ಕೊಬೇಡ."

ಸಿಸಿಲಿ ಗಾಬರಿಯಾಗಲಿಲ್ಲ. ಬಹಳ ಹೊತ್ತಿನಿಂದ ಕಾಲು ಬದಲಿಸಿ ನಿಂತವಳಂತೆ ಮೆಲ್ಲಗೆ ಹಾಸಿಗೆಯ ಮೇಲೆ ಕೂತಳು.

"ಗೊತ್ತು," ಎಂದಳು. "ಈ ಮನೇಲಿ ಬಟ್ಟೆ ಒಗೀತಿದ್ದೋಳು ಯಾರು ಅಂದ್ಕೊಂಡ್ರಿ?"

ಏವಿಸ್ ಅವಳ ಮುಖ ನೋಡಿದಳು. ಗೊತ್ತಿದ್ದೂ ಯಾಕೆ ಹೊಲಿಯಲು ಕರೆದೆ ಎಂದು ಕೇಳಿದಳು. ಕರೆದದ್ದು ಗಿಲ್ಬರ್ಟ್ ಎಂದಳು ಸಿಸಿಲಿ, ಬೇಡ ಎನ್ನಬೇಕಾದರೆ ಯಾಕೆ ಬೇಡ ಎಂದು ಅವನಿಗೆ ಹೇಳಬೇಕಾಗುತ್ತಿತ್ತು. ಇನ್ನೊಂದು, ಅವಳಿಗೆ ನೋಡಬೇಕಿತ್ತು. ಏವಿಸಮ್ಮ ಬಾಯಿ ಬಿಡುತ್ತಾಳೋ, ಇಲ್ಲ ಸುಮ್ಮನೆ ಹೊಲಿದುಕೊಟ್ಟು ಹೋಗುತ್ತಾಳೋ ನೋಡಬೇಕಿತ್ತು. ಹೊಲಿದುಕೊಟ್ಟಿದ್ದರೆ ನೋವು ಶುರುವಾದಾಗ ಬೇರೆ ಯಾರದಾದರೂ ಬೇಡಿ ತಂದು ಉಡುತ್ತಿದ್ದಳು, ಬ್ರಿಜೆಟ್‌ಳನ್ನು ಮಾತ್ರ ಯಾವತ್ತೂ ಮೆಲ್ಫರ್ಡಿಗೆ ಕಳಿಸುತ್ತಿರಲಿಲ್ಲ. ಹೇಳುತ್ತ ಹೇಳುತ್ತ ಅವಳ ದನಿ ಗಡುಸಾಯಿತು.

"ಮೊದ್ಲು ಕೇಳ್ದಾಗ ಏನೂ ಆಗಲ್ಲ ಅಂದ್ರಿ. ನನ್ನ ಕಣ್ಣು ನೋಡ್ಕೊಂಡೇ ಅಂದ್ರಿ."

"ಅಂದೆ," ಎಂದಳು ಏವಿಸ್.

ಆ ಒಪ್ಪಿಗೆಯಲ್ಲಿ ಅಳು ಇರಲಿಲ್ಲ, ಕ್ಷಮೆ ಕೇಳುವ ದನಿಯೂ ಇರಲಿಲ್ಲ, ಅದೇ ಸಿಸಿಲಿಯನ್ನು ಕೆರಳಿಸಿತು. ಇವಳು ನಿಜಕ್ಕೂ ಕಲ್ಲೇ ಅನಿಸಿರಬೇಕು. ಹೇಳಬಾರದು ಎಂದು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅವಳು ಸಿಟ್ಟಿನಲ್ಲಿ ಹೇಳಿಬಿಟ್ಟಳು.

ಪಾರ್ನೆಲ್‌ಗೂ ಗೊತ್ತಿತ್ತು. ಮದುವೆಯಾದ ಮೊದಲನೇ ಒಗೆತಕ್ಕೇ ಹಿತ್ತಲಲ್ಲಿ ತೊಟ್ಟಿಯ ನೀರೆಲ್ಲ ಕೆಂಪಾಗಿತ್ತು. ಸಿಸಿಲಿ ಹೆದರಿ ನಿಂತರೆ ಪಾರ್ನೆಲ್ ನಕ್ಕಿದ್ದಳು. ಅಮ್ಮ ಹಣವನ್ನೆಲ್ಲ ಮಕಮಲ್ಲಿಗೇ ಸುರಿದಿದ್ದಾಳೆ ನೋಡು, ನಾನು ಬೀದಿಯಲ್ಲಿ ತಲೆ ಎತ್ತಿ ನಡೆಯಲಿ ಎಂದು, ಎಂದಿದ್ದಳು. ಯಾರಿಗೂ ಹೇಳಕೂಡದು, ಅಮ್ಮನಿಗಂತೂ ಮೊದಲೇ ಕೂಡದು ಎಂದು ಸಿಸಿಲಿಯ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದಳು. ಅಲ್ಲಿಂದ ಮುಂದೆ ಆ ಲಂಗವನ್ನು ಸಿಸಿಲಿಯೇ ಬೇರೆ ತೊಟ್ಟಿಯಲ್ಲಿ, ಬಣ್ಣ ಬಿಡದಿರಲೆಂದು ತಣ್ಣೀರಿಗೆ ಹುಳಿ ಬೆರೆಸಿ, ಅದ್ದಿ ತೆಗೆಯುತ್ತಿದ್ದಳು.

"ಜ್ವರ ಏರ್ದಾಗ ಎದುರುಮನೆಯೋರು ಅವರ ಬೇರಿನ ಲಂಗ ತಂದ್ರು," ಎಂದಳು ಸಿಸಿಲಿ. "ಉಟ್ಕೋ ತಾಯಿ ಅಂತ ಎಲ್ರೂ ಕೇಳ್ಕೊಂಡ್ರು. ನಾನು ಕಾಲು ಹಿಡ್ಕೊಂಡೆ. ಬೇಡ, ನಮ್ಮಮ್ಮ ಹೊಲಿದಿರೋದು ಇದೆ ಅಂದ್ಲು. ಇದನ್ನ ಬಿಚ್ಚಿ ಅದನ್ನ ಉಟ್ರೆ ಯಾಕೆ ಅಂತ ಕೇಳ್ತಾರೆ, ಅಮ್ಮನ ಹೆಸರು ಹೋಗತ್ತೆ ಅಂತ ನನ್ನ ಕಿವೀಲಿ ಹೇಳಿದ್ಲು."

ಹೇಳಿ ಮುಗಿದ ತಕ್ಷಣ ಅವಳಿಗೆ ಹೇಳಬಾರದಿತ್ತು ಅನಿಸಿತು. ಬಾಯಿಗೆ ಕೈ ಅಡ್ಡ ಹಿಡಿದಳು. ಕೆಳಗೆ ಗಿಲ್ಬರ್ಟ್ ಯಾವುದೋ ಗಿರಾಕಿಯೊಡನೆ ಮಾತಾಡಿ ನಗುತ್ತಿದ್ದದ್ದು ಕೇಳುತ್ತಿತ್ತು.

ಏವಿಸ್ ಮಡಿಲಲ್ಲಿದ್ದ ಲಂಗದ ಅಂಚನ್ನು ಮಡಿಸಿಟ್ಟಳು. ಅಳು ಬರಲಿಲ್ಲ. ಎದೆಯಲ್ಲಿ ಏನೋ ಹರಿಯಬೇಕು, ಒಡೆಯಬೇಕು ಎಂದು ಅವಳೇ ಕಾದಳು, ಒಂದೂ ಆಗಲಿಲ್ಲ. ತಲೆಯಲ್ಲಿ ಮಾತ್ರ ಒಂದು ವಿಚಾರ ಬಹಳ ಸ್ಪಷ್ಟವಾಗಿ ನಿಂತಿತ್ತು. ಮಗಳು ಸಾಯುತ್ತಿದ್ದ ಆ ದಿನಗಳಲ್ಲಿ ಚಳಿಜ್ವರದಲ್ಲಿ ನಡುಗುತ್ತಿದ್ದ ಅವಳು ತನ್ನ ಮದುವೆಯ ಲಂಗವನ್ನು ಸುತ್ತಿಕೊಂಡು ಮಲಗಿದ್ದಳು. ಅವಳ ತಾಯಿ ಕೊಟ್ಟದ್ದು, ಬೇರಿನ ಕೆಂಪು, ಮೂವತ್ತು ವರ್ಷ ಒಗೆದರೂ ಒಂದು ಹನಿ ಬಿಡದ್ದು. ಅದನ್ನೇ ಮಗಳಿಗೆ ಕೊಡಬಹುದಿತ್ತು. ಹಳೆಯದು, ಅಂಚಿನಲ್ಲಿ ಏನೂ ಇಲ್ಲದ್ದು, ಸಡ್ಬರಿಯಲ್ಲಿ ನಗುತ್ತಾರೆ ಎಂದು ಆ ಯೋಚನೆಯೇ ಬಂದಿರಲಿಲ್ಲ. ಈಗಲೂ ಅದು ಅವಳ ಮೈಮೇಲೇ ಇತ್ತು.

ಅವಳು ಎದ್ದು ನಿಂತು, ಮೇಲಂಗಿಯ ಕೆಳಗೆ ಕೈ ಹಾಕಿ ಲಾಡಿ ಬಿಚ್ಚಿದಳು. ಕೆಂಪು ಲಂಗ ಕುಪ್ಪೆಯಾಗಿ ಕಾಲ ಬುಡಕ್ಕೆ ಬಿತ್ತು. ಅದರಿಂದ ಒಂದೊಂದೇ ಕಾಲು ಹೊರಗಿಟ್ಟು, ಬಗ್ಗಿ ಎತ್ತಿ, ಕೊಡವಿ ಸಿಸಿಲಿಯ ಮಡಿಲಲ್ಲಿ ಹಾಕಿದಳು.

"ಇದು ನಿಜವಾದ್ದು. ಬೇಕಾದ್ರೆ ನೀರಿಗೆ ಹಾಕಿ ನೋಡು."

ಸಿಸಿಲಿ ನೀರಿಗೆ ಹಾಕಲಿಲ್ಲ. ಏವಿಸ್ ಮತ್ತೆ ಕಿಟಕಿಯ ಪಕ್ಕ ಕೂತು ಆ ಹಳೆಯ ಲಂಗದ ಪಟ್ಟಿ ಬಿಚ್ಚಿ, ನೆರಿಗೆ ಸಡಿಲಿಸಿ, ಗುರುತು ಹೊಡೆದ ಕಾಗದ ಇಟ್ಟು ನೋಡಿ ಹೊಲಿದಳು. ಈ ಸಲ ಕೈ ಹಟ ಮಾಡಲಿಲ್ಲ. ಅವಳು ಹೊಲಿಯುವಷ್ಟು ಹೊತ್ತೂ ಸಿಸಿಲಿ ಸದ್ದಿಲ್ಲದೆ ಅಳುತ್ತಿದ್ದಳು. ಗಿಲ್ಬರ್ಟನಿಗೆ ಏನೂ ಹೇಳುವುದು ಬೇಡ ಎಂದಳು ಸ್ವಲ್ಪ ಹೊತ್ತಿಗೆ, ಪಾರ್ನೆಲ್ ಬೇಡ ಎಂದಿದ್ದಾಳೆ, ಅದು ಹಾಗೇ ಇರಲಿ. ಲಂಗ ಬದಲಾದದ್ದು ಅವನಿಗೆ ತಿಳಿಯುವುದೂ ಇಲ್ಲ, ಅವನ ಕಣ್ಣಿಗೆ ಎಲ್ಲ ಕೆಂಪೂ ಒಂದೇ. ಬ್ರಿಜೆಟ್‌ಳ ಮಾತನ್ನು ಏವಿಸ್ ತಾನಾಗಿ ಎತ್ತಲಿಲ್ಲ. ಹಕ್ಕಿಲ್ಲ ಅನಿಸಿತ್ತು. ನೂಲು ಕಡಿದು ಎದ್ದಾಗ ಸಿಸಿಲಿಯೇ ಹೇಳಿದಳು.

"ಸೋಮವಾರ ಬಂದು ಕರ್ಕೊಂಡು ಹೋಗಿ. ರಾತ್ರಿ ಒಂದ್ಸಲ ಎದ್ದು ನೀರು ಕೇಳ್ತಾಳೆ, ಮಗ್ಗುಲಲ್ಲೇ ಇಟ್ಕೊಂಡಿರಿ."

ಏವಿಸ್ ಹೂಂ ಎಂದಳು. ಹೊರಡುವಾಗ ಸಿಸಿಲಿ ಅವಳ ತೆಳ್ಳನೆಯ ಮೇಲಂಗಿಯನ್ನೂ ಕಿಟಕಿಯಾಚೆಯ ಗಾಳಿಯನ್ನೂ ನೋಡಿ, ಹೀಗೆ ಹೋದರೆ ದಾರಿಯಲ್ಲೇ ಮರಗಟ್ಟುತ್ತೀರಿ ಎಂದು ಪಾರ್ನೆಲ್‌ಳ ಲಂಗವನ್ನು ಕೈಗಿಟ್ಟಳು. ನಿಮ್ಮ ಮಗಳದು, ನೀವೇ ಉಟ್ಟುಕೊಳ್ಳಿ ಎಂದಳು. ಉಟ್ಟುಕೊಂಡಿದ್ದಾಯಿತು. ಬಿಚ್ಚಿದ ಸೊಂಟವನ್ನು ನಾಲ್ಕು ಹೊಲಿಗೆಯಲ್ಲಿ ಹಿಡಿಸಿ, ಲಾಡಿಯನ್ನು ಎರಡು ಸುತ್ತು ಸುತ್ತಿ ಗಂಟು ಹಾಕಬೇಕಾಯಿತು.

ಊರು ದಾಟಿ ಹಳ್ಳದ ಸೇತುವೆಯ ತನಕ ಅವಳು ಏನನ್ನೂ ಯೋಚಿಸದೆ ನಡೆದಳು. ಬೆಳಗ್ಗಿಗಿಂತ ಗಾಳಿ ಜೋರಾಗಿತ್ತು. ಸೇತುವೆಯ ನಡುವೆ ಬರುವಾಗ ಒಂದು ಸಂಗತಿ ಅವಳ ಗಮನಕ್ಕೆ ಬಂತು. ಕಾಲಿಗೆ ಚಳಿಯಾಗುತ್ತಿರಲಿಲ್ಲ. ಅವಳ ಬೇರಿನ ಲಂಗ ಎಷ್ಟು ಬೆಚ್ಚಗಿರುತ್ತಿತ್ತೋ ಇದೂ ಅಷ್ಟೇ ಬೆಚ್ಚಗಿತ್ತು. ಒಂದು ಕೂದಲಿನಷ್ಟೂ ಕಮ್ಮಿಯಿರಲಿಲ್ಲ. ಅದೇ ಕುರಿ, ಅದೇ ಉಣ್ಣೆ, ಅದೇ ಮಗ್ಗ. ಬೆವರಿಗೆ ಬಣ್ಣ ಬಿಡುತ್ತಿದ್ದಾಗಲೂ ಇದು ಅವಳ ಮಗಳನ್ನು ಹೀಗೇ ಬೆಚ್ಚಗೆ ಹಿಡಿದಿತ್ತು. ಬೆಚ್ಚಗಿದ್ದೂ ಅವಳು ಹೋದಳು.

ಏವಿಸ್ ಅಲ್ಲೇ ನಿಂತಳು. ಪಾರ್ನೆಲ್, ಎಂದು ಹೆಸರು ಹಿಡಿದು ಕರೆದಳು. ಎರಡು ವರ್ಷದ ಮೇಲಾಗಿತ್ತು ಆ ಹೆಸರು ಬಾಯಲ್ಲಿ ಬಂದು. ಆಮೇಲೆ ಅಳು ಬಂತು. ಸುಮ್ಮನೆ ಬರಲಿಲ್ಲ, ಹೊಟ್ಟೆಯಿಂದ ಎದ್ದು, ಮೂಗು ಬಾಯಿ ಒಂದೂ ಬಿಡದೆ, ದೊಡ್ಡ ದನಿಯಲ್ಲಿ ಬಂತು. ಸೇತುವೆಯ ಕಲ್ಲು ಹಿಡಿದು ಕುಸಿದಳು. ಹಿಂದಿನಿಂದ ಉಪ್ಪುಮೀನಿನ ಗಾಡಿಯೊಂದು ಬಂದು ನಿಂತಿತು. ಸೇತುವೆ ಇಕ್ಕಟ್ಟು, ಅವಳು ಏಳದೆ ಅದು ಮುಂದೆ ಹೋಗುವಂತಿರಲಿಲ್ಲ. ಗಾಡಿಯವನು ಒಂದು ಸಲ ಕೂಗಲು ಬಾಯಿ ತೆರೆದು, ನೋಡಿ, ಲಗಾಮು ಮಡಿಲಲ್ಲಿಟ್ಟುಕೊಂಡು ಕಾದು ಕೂತ.